ಗುಡಾರದಿಂದ ಗುಹೆಯವರೆಗೆ

ಗುಡಾರ ಎಂಬ ಮಾತು ನನಗೆ ಪುಸ್ತಕದಿಂದ ಬಂದದ್ದಲ್ಲ. ಶಿರಸಿ ಸೀಮೆಯ ನಮ್ಮ ಹಳ್ಳಿಯ ಕೆರೆಬಯಲಿನಲ್ಲಿ ಸುಗ್ಗಿ ಮುಗಿದ ಮೇಲೆ ಬಂದಿಳಿಯುತ್ತಿದ್ದ ಅಲೆಮಾರಿ ಕುಟುಂಬಗಳ ಹರಕು ಗುಡಾರಗಳನ್ನು ನೋಡುತ್ತ ಬೆಳೆದವನು ನಾನು. ಮುಂದೆ ಎಂ.ಎ. ತರಗತಿಗೆ ಬಂದಾಗ ನದಿಯ ತಡಿಯಲ್ಲಿ ಬೀಡುಬಿಟ್ಟ ಸೈನ್ಯಗಳ ಗುಡಾರಗಳು ಹಳಗನ್ನಡ ಕಾವ್ಯಗಳಲ್ಲಿ ಕಂಡವು. ಅಲೆಮಾರಿಯ ಗುಡಾರಕ್ಕೂ ಅರಸನ ಗುಡಾರಕ್ಕೂ ಅಜಗಜಾಂತರವಿದ್ದರೂ ಒಂದು ಅಂಶದಲ್ಲಿ ಅವೆರಡೂ ಸಮಾನ. ಅದರಲ್ಲಿ ಮಲಗುವವನು ಎಲ್ಲಿಂದಲೋ ಬಂದವನು, ಇನ್ನೆಲ್ಲಿಗೋ ಹೋಗಬೇಕಾದವನು. ಗಟ್ಟಿ ಗೋಡೆಯ ಮನೆಯಿರುವ ಗೃಹಸ್ಥನೊಬ್ಬ ಹಣ ತೆತ್ತು ಗುಡಾರದಲ್ಲಿ ಮಲಗಲು ಹೊರಡುತ್ತಾನೆಂಬ ಕಲ್ಪನೆ ನಮ್ಮ ಹಿಂದಿನ ಕವಿಗಳಿಗೆ ಬಂದಿರಲಾರದು.

ಆ ಕಾಲ ಈಗ ಬಂದಿದೆ. 2025ರ ಮಾರ್ಚ್ ಕೊನೆಗೆ ಮೂರು ದಿನಗಳ ರಜೆ ಒಟ್ಟಾಗಿ ಒದಗಿತು. 29ರ ಶನಿವಾರ ಅಮಾವಾಸ್ಯೆ, 30ರ ಭಾನುವಾರ ಯುಗಾದಿ, 31ರ ಸೋಮವಾರ ರಂಜಾನ್. ಮಗಳು ಹದಿನೈದು ದಿನ ಮೊದಲೇ ಪ್ರಕಟಿಸಿದಳು: "ಅಪ್ಪಾ, ಈ ಸಲ ಹಬ್ಬ ಪವನಾ ಕೆರೆಯ ದಂಡೆಯಲ್ಲಿ. ಗ್ಲ್ಯಾಂಪಿಂಗ್‌ಗೆ ಬುಕ್ ಮಾಡಿದ್ದೇನೆ." ಗ್ಲ್ಯಾಮರ್, ಕ್ಯಾಂಪಿಂಗ್ ಎಂಬ ಎರಡು ಪದಗಳು ಸೇರಿ ಆದ ಮಾತು ಅದು ಎಂದು ವಿವರಿಸಿದಳು. ಕೇಶಿರಾಜನ ಸಮಾಸಪ್ರಕರಣವನ್ನು ಇಷ್ಟು ವರ್ಷ ಪಾಠ ಹೇಳಿದ ನನಗೆ, ಒಂದು ಪದದ ತಲೆಯನ್ನು ಇನ್ನೊಂದರ ಬಾಲಕ್ಕೆ ಅಂಟಿಸುವ ಈ ಸಮಾಸವನ್ನು ಯಾವ ಸೂತ್ರದಡಿ ಸೇರಿಸಬೇಕೋ ತಿಳಿಯಲಿಲ್ಲ. ಅರಿಸಮಾಸವೆನ್ನೋಣವೆಂದರೆ ಎರಡೂ ಒಂದೇ ಭಾಷೆಯವು. 'ಬೆಡಗಿನ ಬಿಡಾರ' ಎಂದು ಕನ್ನಡಿಸಿಕೊಂಡು ಸುಮ್ಮನಾದೆ.

ಸುಮ್ಮನಾದುದಕ್ಕೆ ಬೇರೆ ಕಾರಣವೂ ಇತ್ತು. ಮುಂಬಯಿಗೆ ಬಂದ ಈ ಮೂರು ದಶಕಗಳಲ್ಲಿ ಯುಗಾದಿಗೋ ದೀಪಾವಳಿಗೋ ಊರಿಗೆ ಹೋಗದ ವರ್ಷ ನನಗಿರಲಿಲ್ಲ. ತಾಯಿ ತೀರಿಕೊಂಡ ಮೇಲೆ, ವಯಸ್ಸಾದ ಅಣ್ಣ ಬೆಂಗಳೂರಿನಲ್ಲಿರುವ ಮಗನ ಬಳಿಗೆ ಹೋಗಿ ನೆಲೆಸಿದ. ಹಿಂದಿನ ದೀಪಾವಳಿ ಕಳೆದ ಮೇಲೆ ಮನೆಯೂ ತೋಟವೂ ಪರರ ಪಾಲಾದವು. ಅಣ್ಣ ನನ್ನನ್ನು ಕೇಳಿಯೇ ಮಾರಿದ, ನಾನು ಒಪ್ಪಿಯೇ ರುಜು ಹಾಕಿದೆ, ಯಾರನ್ನೂ ದೂರುವಂತಿಲ್ಲ. ಆದರೆ ಅಂದಿನಿಂದ ಒಂದು ಸಣ್ಣ ವ್ಯಾಕರಣದ ತೊಡಕು ನನ್ನನ್ನು ಕಾಡುತ್ತಿತ್ತು. ಮುಂಬಯಿಯಲ್ಲಿ ಕನ್ನಡಿಗರು ಇಬ್ಬರು ಸೇರಿದರೆ ಮೊದಲ ಪ್ರಶ್ನೆ "ನಿಮ್ಮ ಊರು ಯಾವುದು?" ಎಂಬುದೇ. "ಬನವಾಸಿಯ ಹತ್ತಿರ" ಎಂದು ಥಟ್ಟನೆ ಹೇಳುತ್ತಿದ್ದವನು ಈಗ ತಡವರಿಸುತ್ತಿದ್ದೆ. ಬನವಾಸಿಯ ಹತ್ತಿರ 'ಇದೆ' ಎನ್ನಬೇಕೇ, 'ಇತ್ತು' ಎನ್ನಬೇಕೇ? ಭೂತಕಾಲವೋ ವರ್ತಮಾನವೋ ಎಂದು ವಿದ್ಯಾರ್ಥಿಗಳ ಉತ್ತರಪತ್ರಿಕೆ ತಿದ್ದುವವನು ತನ್ನದೇ ವಾಕ್ಯದ ಕ್ರಿಯಾಪದವನ್ನು ಕಾಣದವನಾಗಿದ್ದೆ.

ಪವನಾ ಜಲಾಶಯವಿರುವುದು ಪುಣೆ ಜಿಲ್ಲೆಯ ಮಾವಳ ತಾಲೂಕಿನಲ್ಲಿ. ಲೋಣಾವಳದಿಂದ ದುಧಿವರೆಯ ಕಣಿವೆಬಾಗಿಲನ್ನು ದಾಟಿ ಇಳಿದರೆ ನೀರು ಕಾಣಿಸುತ್ತದೆ. ಸುತ್ತ ನಾಲ್ಕು ಕೋಟೆಗಳು: ಲೋಹಗಡ, ವಿಸಾಪುರ, ಹೆಸರಿಗೆ ತಕ್ಕಂತೆ ಮುಮ್ಮೂಲೆಯಾಗಿ ನಿಂತ ತಿಕೋನಾ, ಶಂಕುವಿನಂತೆ ಮೊನಚಾದ ತುಂಗ. ದಂಡೆಯುದ್ದಕ್ಕೂ ಈಗ ಗುಡಾರಗಳ ಸಾಲು. ನಮ್ಮ ಪಾಲಿನ ಗುಡಾರ ಮರದ ಜಗತಿಯ ಮೇಲೆ ನಿಂತಿತ್ತು. ಒಳಗೆ ಮಂಚ, ಮೆತ್ತನೆಯ ಹಾಸಿಗೆ, ಗೋಡೆಗನ್ನಡಿ, ತಂಪುಯಂತ್ರ, ಹಿಂಬದಿಗೆ ಬಿಸಿನೀರಿನ ಸ್ನಾನದ ಮನೆ. ಬಟ್ಟೆಯ ಗೋಡೆಯೊಂದನ್ನು ಬಿಟ್ಟರೆ ಗುಡಾರದ ಲಕ್ಷಣ ಯಾವುದೂ ಅದಕ್ಕಿರಲಿಲ್ಲ. ನನ್ನ ಹೆಂಡತಿ ಮಂಚದ ಮೇಲೆ ಕುಳಿತು ನೋಡಿ, "ನಮ್ಮ ಡೊಂಬಿವಲಿ ಮನೆಗಿಂತ ಇದೇ ದೊಡ್ಡದಿದೆ" ಎಂದಳು. ಅದರ ವರ್ಣನೆಯನ್ನು ಇಲ್ಲಿಗೆ ನಿಲ್ಲಿಸುತ್ತೇನೆ. ಏಕೆಂದರೆ ಆ ಮೂರು ದಿನಗಳಲ್ಲಿ ನನಗೆ ದಕ್ಕಿದ್ದೆಲ್ಲ ಗುಡಾರದ ಹೊರಗೆ, ಕಾಲ್ನಡಿಗೆಯಲ್ಲಿ ದಕ್ಕಿತು.

ಮುಂಬಯಿಯಲ್ಲಿ ನಾವು ನಡೆಯುವುದಿಲ್ಲ, ದಾಟುತ್ತೇವೆ. ರಸ್ತೆಯನ್ನು, ಹಳಿಯನ್ನು, ಸೇತುವೆಯನ್ನು, ಎದುರಿನಿಂದ ಬರುವ ಮನುಷ್ಯರನ್ನು ದಾಟುತ್ತೇವೆ. ಕಾಲು ನೆಲವನ್ನು ಮುಟ್ಟುತ್ತದೆ, ಆದರೆ ನೆಲದ ಏರಿಳಿವು ಕಾಲಿಗೆ ತಿಳಿಯುವುದಿಲ್ಲ. ಈ ಕಾರಣದಿಂದಲೇ ಮೊದಲ ಸಂಜೆ ಜಲಾಶಯದ ಅಂಚಿನಲ್ಲಿ ನಡೆಯಲು ಹೊರಟಾಗ ನನ್ನ ಕಾಲುಗಳು ಎಳೆಗರುವಿನ ಕಾಲುಗಳಂತೆ ತಡವರಿಸಿದವು. ಬೇಸಗೆಯಲ್ಲಿ ನೀರು ಹಿಂದೆ ಸರಿದ ಜಾಗದಲ್ಲಿ ಬಿರುಕುಬಿಟ್ಟ ಕೆಸರು, ಅದರಾಚೆ ಹಸುರು ಹುಲ್ಲಿನ ತೆಳ್ಳನೆಯ ಅಂಚು, ಅಲ್ಲಿ ಎಮ್ಮೆಗಳು, ಎಮ್ಮೆಗಳ ಬೆನ್ನ ಮೇಲೆ ಬೆಳ್ಳಕ್ಕಿ. ಪಶ್ಚಿಮಕ್ಕೆ ತುಂಗದ ಹಿಂದೆ ಸೂರ್ಯ ಇಳಿಯುತ್ತಿದ್ದ. ದಾರಿಬದಿಯ ಮುತ್ತುಗದಲ್ಲಿ ಕೊನೆಯ ಹೂಗಳಿದ್ದವು. ಬೂರುಗದ ಕಾಯಿ ಒಡೆದು ಅರಳೆ ತೇಲುತ್ತಿತ್ತು. ಎಲ್ಲಿಯೋ ಒಂದು ಕುಟ್ರುಹಕ್ಕಿ ಒಂದೇ ಸಮನೆ ಕೂಗುತ್ತಿತ್ತು. ಅದೊಂದು ಕೂಗಿಗೆ ಮಾತ್ರ ಮರಾಠಿ ಕನ್ನಡಗಳ ಭೇದವಿರಲಿಲ್ಲ.

ಬಿಡಾರದ ಕಾವಲಿಗಿದ್ದ ಸ್ಥಳೀಯರೊಬ್ಬರು ನಮ್ಮೊಡನೆ ಬಂದಿದ್ದರು. ನನ್ನದೇ ವಯಸ್ಸಿನವರು, ಒಂದೆರಡು ವರ್ಷ ಹಿರಿಯರಿರಬಹುದು. ಮಗಳು ಅವರನ್ನು "ಕಾಕಾ" ಎಂದು ಕರೆಯುತ್ತಿದ್ದಳು. ದಂಡೆಯ ಒಂದು ತಿರುವಿನಲ್ಲಿ ನಿಂತು ಅವರು ನೀರಿನೊಳಗೆ ಕೈಚಾಚಿ ತೋರಿಸಿದರು. ದೂರದಲ್ಲಿ ಕಪ್ಪು ಕಲ್ಲಿನ ಗೋಡೆಯೊಂದರ ಮೇಲಿನ ವರಸೆಗಳು ನೀರಿನಿಂದ ಮೇಲೆದ್ದಿದ್ದವು. ಅದು ವಾಘೇಶ್ವರನ ಗುಡಿ. ವರ್ಷದ ಬಹುಪಾಲು ನೀರಿನಲ್ಲಿ ಮುಳುಗಿದ್ದು, ಬೇಸಗೆಯಲ್ಲಿ ಕೆಲವು ತಿಂಗಳು ಮಾತ್ರ ಹೊರಗೆ ಬರುವ ಹಳೆಯ ಶಿವಾಲಯ. "ಇನ್ನು ಮೂರು ನಾಲ್ಕು ವಾರ ಬಿಟ್ಟರೆ ನಡೆದುಕೊಂಡೇ ಹೋಗಿ ಕೈಮುಗಿಯಬಹುದು" ಎಂದರು. ಕಳೆದ ಶತಮಾನದ ಎಪ್ಪತ್ತರ ದಶಕದಲ್ಲಿ ಅಣೆಕಟ್ಟು ಎದ್ದಾಗ ಆ ಸುತ್ತಿನ ಹಳ್ಳಿಗಳ ಹೊಲಮನೆಗಳು ನೀರಿನ ಪಾಲಾದವು. ಆಗ ಅವರು ಚಿಕ್ಕ ಹುಡುಗ. ಆ ನೀರು ಇಂದು ಪಿಂಪ್ರಿ ಚಿಂಚವಾಡದ ಕಾರ್ಖಾನೆಗಳಿಗೂ ಮನೆಗಳಿಗೂ ಹೋಗುತ್ತದೆ. ಅದನ್ನು ಕೊಳವೆಯಲ್ಲಿ ಒಯ್ಯುವ ಯೋಜನೆಯನ್ನು ವಿರೋಧಿಸಿ 2011ರ ಆಗಸ್ಟ್ 9ರಂದು ರೈತರು ದ್ರುತಗತಿ ಹೆದ್ದಾರಿಗೆ ಇಳಿದಾಗ ಪೊಲೀಸರ ಗುಂಡಿಗೆ ಮೂವರು ಬಲಿಯಾದುದನ್ನು ಪತ್ರಿಕೆಯಲ್ಲಿ ಓದಿದ ನೆನಪು ನನಗಿತ್ತು. ಅವರು ಆ ಮಾತನ್ನು ಎತ್ತಲಿಲ್ಲ, ನಾನೂ ಕೆದಕಲಿಲ್ಲ.

ಮುಂಬಯಿಯ ಚಾಳಿಯಂತೆ ನನ್ನ ಬಾಯಿಂದ ಪ್ರಶ್ನೆ ಬಂದೇಬಿಟ್ಟಿತು: "ನಿಮ್ಮ ಊರು ಯಾವುದು?" ಅವರು ನೀರನ್ನೇ ತೋರಿಸಿದರು. "ಮಾಝಂ ಗಾವ್ ತಿಥಂ ಆಹೇ." ನನ್ನ ಊರು ಅಲ್ಲಿದೆ. 'ಹೋತಂ' ಎನ್ನಲಿಲ್ಲ, 'ಆಹೇ' ಎಂದರು. ಐವತ್ತು ವರ್ಷಗಳಿಂದ ನೀರಿನ ತಳದಲ್ಲಿರುವ ಊರಿಗೆ ವರ್ತಮಾನಕಾಲದ ಕ್ರಿಯಾಪದ! ವಾಘೇಶ್ವರ ಪ್ರತಿ ಬೇಸಗೆಯಲ್ಲೂ ಎದ್ದು ಬಂದು ಆ ಕ್ರಿಯಾಪದಕ್ಕೆ ಸಾಕ್ಷಿ ನುಡಿಯುತ್ತಾನೆ. ನಮ್ಮ ಊರಿನ ಮನೆ ಮಾತ್ರ ಯಾವ ಬೇಸಗೆಯಲ್ಲೂ ಮೇಲೆದ್ದು ಬರಲಾರದು ಎಂದುಕೊಂಡು ಹಿಂತಿರುಗಿದೆ.

ಆ ರಾತ್ರಿ ಅಮಾವಾಸ್ಯೆ. ಅಕ್ಕಪಕ್ಕದ ಬಿಡಾರಗಳ ಹಾಡಿನ ಅಬ್ಬರ ಹತ್ತು ಗಂಟೆಯ ಮೇಲೆ ಅಡಗಿತು. ಸಪ್ತರ್ಷಿಮಂಡಲ ತಲೆಯ ಮೇಲೇರುತ್ತಿತ್ತು. ಇಷ್ಟು ನಕ್ಷತ್ರಗಳನ್ನು ನಾನು ಕೊನೆಯ ಬಾರಿ ಎಣಿಸಿದ್ದು ನಮ್ಮ ಮನೆಯಂಗಳದಲ್ಲಿ, ಅಡಕೆ ಒಣಗಿಸುವ ಅಟ್ಟದ ಕೆಳಗೆ ಮಲಗಿದ್ದಾಗ. ಬಹಳ ಹೊತ್ತು ನಿದ್ದೆ ಬರಲಿಲ್ಲ.

ಯುಗಾದಿಯ ಬೆಳಗು. ಹೆಂಡತಿ ಡಬ್ಬಿಯಲ್ಲಿ ಕಟ್ಟಿ ತಂದಿದ್ದ ಬೇವು ಬೆಲ್ಲವನ್ನು ಗುಡಾರದ ಜಗತಿಯ ಮೇಲೆ ನಿಂತೇ ಬಾಯಿಗೆ ಹಾಕಿಕೊಂಡು ಬೇಡ್ಸೆಯ ದಾರಿ ಹಿಡಿದೆವು. ಕಾಮಶೇತ್ ರಸ್ತೆಯ ಮೇಲೆ ಸ್ವಲ್ಪ ದೂರ ಜೀಪು, ಅಲ್ಲಿಂದ ಮುಂದೆ ನಡಿಗೆ. ಹಳ್ಳಿಯ ಒಂದೊಂದು ಮನೆಯ ಮುಂದೆಯೂ ಗುಢಿ ಏರಿತ್ತು. ಉದ್ದನೆಯ ಬಿದಿರಿನ ತುದಿಗೆ ಜರಿಯಂಚಿನ ಬಟ್ಟೆ, ಬೇವಿನ ಸೊಪ್ಪು, ಸಕ್ಕರೆಯ ಸರ, ಮೇಲೆ ಬೋರಲು ಹಾಕಿದ ತಂಬಿಗೆ. ಮಹಾರಾಷ್ಟ್ರದಲ್ಲಿ ಇಷ್ಟು ವರ್ಷ ಗುಢಿ ಪಾಡವಾ ನೋಡಿದ್ದರೂ ಅಂದು ನಡೆಯುವ ನಿಧಾನದಲ್ಲಿ ಒಂದು ಪದ ತಾನಾಗಿ ಬಂದು ತಾಗಿತು: ಗುಡಿಗಟ್ಟು. ಹಳಗನ್ನಡದಲ್ಲಿ ಗುಡಿ ಎಂದರೆ ಬಾವುಟ. ಹರ್ಷದಿಂದ ಉಬ್ಬುವುದನ್ನು ನಮ್ಮ ಕವಿಗಳು ಗುಡಿಗಟ್ಟುವುದು ಎಂದರು. ಹೊಸಗನ್ನಡದಲ್ಲಿ ಗುಡಿ ದೇವಾಲಯವಾಗಿ ನಿಂತಿತು. ಬಾವುಟವಾಗಿದ್ದ ಹಳೆಯ ಗುಡಿ ನಿಘಂಟಿನೊಳಗೆ ಸೇರಿಕೊಂಡಿತು. ತರಗತಿಯಲ್ಲಿ ಆ ಪದದ ಅರ್ಥ ಹೇಳುವಾಗ ಕಿಟಕಿಯ ಹೊರಗೆ ಕೈತೋರಿಸಬಹುದೆಂಬುದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ನಮ್ಮ ನಿಘಂಟಿನ ಪದವೊಂದು ನೆರೆಯವರ ಅಂಗಳದಲ್ಲಿ ಬಿದಿರಿನ ಮೇಲೇರಿ ಪ್ರತಿ ಚೈತ್ರದಲ್ಲಿಯೂ ಹಾರುತ್ತಿತ್ತು, ನಾನು ಅದರ ಕೆಳಗೇ ಹಾದುಹೋಗುತ್ತಿದ್ದೆ.

ಬೇಡ್ಸೆಯ ಗುಹೆಗಳಿಗೆ ನಾಲ್ಕುನೂರರಷ್ಟು ಮೆಟ್ಟಿಲುಗಳು. ಕಾರ್ಲೆ, ಭಾಜೆಗಳಿಗೆ ಹೋಗುವ ಜನಸಂದಣಿ ಇಲ್ಲಿಗೆ ಬರುವುದಿಲ್ಲ. ಇಕ್ಕೆಲದಲ್ಲಿ ಕವಳಿಯ ಬಿಳಿ ಹೂಗಳ ಪೊದೆ, ಒಣಗಿ ನಿಂತ ಕಾರವಿಯ ಕಡ್ಡಿಗಳು. ಹಲವು ವರ್ಷಗಳಿಗೊಮ್ಮೆ ಹೂಬಿಡುವ ಈ ಗಿಡ ನಮ್ಮ ನೀಲಕುರಿಂಜಿಯ ಬಳಗಕ್ಕೆ ಸೇರಿದ್ದು. ಬೆಳಗಿನ ಹೊತ್ತೇ ಇಲ್ಲಿಗೆ ಬರಬೇಕು. ಚೈತ್ಯದ ಮುಖ ಪೂರ್ವಕ್ಕಿದೆ. ಎದುರಿನ ಬಂಡೆಯನ್ನು ಪೂರ್ತಿ ಕಡಿದು ತೆಗೆಯದೆ ಬಿಟ್ಟಿರುವುದರಿಂದ ಒಂದು ಇಕ್ಕಟ್ಟಾದ ಓಣಿಯ ಮೂಲಕ ಒಳಗೆ ಸಾಗಬೇಕು. ಸಾಗಿದೊಡನೆ ತಲೆಯೆತ್ತಿದರೆ ಎತ್ತರದ ಕಂಬಗಳು, ಗಂಟೆಯಾಕಾರದ ಬೋದಿಗೆ, ಅದರ ಮೇಲೆ ಕುದುರೆ, ಆನೆ, ಗೂಳಿಗಳನ್ನೇರಿದ ಸ್ತ್ರೀಪುರುಷರು. ಸುಮಾರು ಎರಡು ಸಾವಿರ ವರ್ಷಗಳಿಂದ ಅವರು ಸವಾರಿ ಹೊರಟೇ ಇದ್ದಾರೆ. ಮೊಗಸಾಲೆಯ ಕೋಣೆಯೊಂದರ ಬಾಗಿಲ ಮೇಲೆ ಬ್ರಾಹ್ಮೀ ಲಿಪಿಯ ಒಂದು ಸಾಲಿದೆ. ನಾಸಿಕದಿಂದ ಬಂದ ಆನಂದ ಶ್ರೇಷ್ಠಿಯ ಮಗ ಪುಷ್ಯಣಕನ ದಾನ ಎಂಬುದು ಅದರ ತಾತ್ಪರ್ಯ. ಹೊರಗೆ ಪಕ್ಕದಲ್ಲಿ ಒಂದು ಚಿಕ್ಕ ಸ್ತೂಪ. ಅರಣ್ಯವಾಸಿಯಾಗಿ ಭಿಕ್ಷಾನ್ನದಿಂದ ಬದುಕಿದ ಗೋಭೂತಿ ಎಂಬ ಹಿರಿಯ ಭಿಕ್ಷುವಿನದು. ಮಾಡಿಸಿದವನು ಅವನ ಶಿಷ್ಯ. ಗುರುವಿಗಾಗಿ ಶಿಷ್ಯ ಎತ್ತಿದ ಆ ಪುಟ್ಟ ಸ್ತೂಪದ ಎದುರು ನಾನು ತುಸು ಹೆಚ್ಚು ಹೊತ್ತು ನಿಂತೆ. ನನಗೆ ಅಕ್ಷರವಿತ್ತ ಗುರುಗಳಲ್ಲಿ ಹಲವರು ಈಗಿಲ್ಲ. ವಿಭಾಗದ ಇಂಥ ಸಂಪುಟಗಳು ಕೂಡ ಒಂದು ಬಗೆಯ ಸ್ತೂಪಗಳೇ. ಕಲ್ಲಿನ ಬದಲು ಕಾಗದ, ಅಷ್ಟೇ.

ಮೂರನೆಯ ದಿನದ ನಡಿಗೆಯೇ ದೊಡ್ಡದು. ಕತ್ತಲಿರುವಾಗಲೇ ಎದ್ದು ಲೋಹಗಡವಾಡಿಗೆ ಜೀಪಿನಲ್ಲಿ ಹೋಗಿ ಕೋಟೆ ಹತ್ತಿದೆವು. ಗಣೇಶ, ನಾರಾಯಣ, ಹನುಮಾನ್, ಮಹಾ ಎಂಬ ನಾಲ್ಕು ದರವಾಜೆಗಳನ್ನು ಒಂದಾದ ಮೇಲೊಂದರಂತೆ ದಾಟಿದರೆ ಕೋಟೆಯ ನೆತ್ತಿ. 1648ರಲ್ಲಿ ಶಿವಾಜಿಯ ಕೈಸೇರಿ, 1665ರ ಪುರಂದರ ಒಪ್ಪಂದದಲ್ಲಿ ಮೊಗಲರಿಗೆ ಹೋಗಿ, 1670ರಲ್ಲಿ ಮರಳಿ ಬಂದ ಕೋಟೆ ಇದು. ನಾವು ಹೋಗಿಬಂದ ಕೆಲವೇ ತಿಂಗಳಲ್ಲಿ, 2025ರ ಜುಲೈನಲ್ಲಿ, ಮರಾಠರ ಇತರ ಕೋಟೆಗಳೊಡನೆ ಇದೂ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಚೇಳಿನ ಬಾಲದಂತೆ ಚಾಚಿಕೊಂಡ ವಿಂಚುಕಡಾ ಎಂಬ ಬಂಡೆಯೇಣಿನ ಕಡೆ ಮುಖಮಾಡಿ ನಿಂತರೆ ಒಂದು ಬದಿಗೆ ಪವನಾ ಕಣಿವೆ, ಇನ್ನೊಂದು ಬದಿಗೆ ಇಂದ್ರಾಯಣಿ ಕಣಿವೆ. ಈ ಏಣಿನ ಮೇಲೆ ಬಿದ್ದ ಮಳೆಹನಿ ಯಾವ ಕಡೆ ಉರುಳಿದರೂ ಕೊನೆಗೆ ಸೇರುವುದು ಭೀಮೆಯನ್ನೇ. ಭೀಮೆ ಪಂಢರಪುರದ ವಿಠಲನ ಪಾದ ತೊಳೆದು ಕನ್ನಡನಾಡಿಗೆ ಇಳಿಯುತ್ತಾಳೆ. ಗಾಣಗಾಪುರವನ್ನೂ ಅಶೋಕನ ಶಾಸನಗಳಿರುವ ಸನ್ನತಿಯನ್ನೂ ಬಳಸಿ ಕೃಷ್ಣೆಯಲ್ಲಿ ಬೆರೆಯುತ್ತಾಳೆ. ನಮ್ಮ ಬನವಾಸಿಯ ವರದೆಯೂ ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡಿ ಅದೇ ಕೃಷ್ಣೆಗೆ ಹೋಗುತ್ತಾಳೆ. ಈ ಎರಡು ನೀರುಗಳು ಕೂಡುವ ತಾಣ ಮಾತ್ರ ಕರ್ನಾಟಕದೊಳಗಿಲ್ಲ, ಆಲಂಪುರದ ಬಳಿ, ಗಡಿಯಾಚೆಗಿದೆ. ಅಂದರೆ ನನ್ನ ಎರಡು ಊರುಗಳ ನೀರು ಒಂದಾಗುವುದು ಹೊರನಾಡಿನಲ್ಲಿ.

ಕೋಟೆಯಿಂದ ಇಳಿದು, ಲೋಹಗಡ ವಿಸಾಪುರಗಳ ನಡುವಿನ ಗಾಯಮುಖ ಖಿಂಡಿಯಿಂದ ಭಾಜೆಯ ಕಾಲುದಾರಿ ಹಿಡಿದೆವು. ಇದು ಈ ಸೀಮೆಯಲ್ಲಿ ನಾನು ಕಂಡ ಅತ್ಯಂತ ಸೊಗಸಾದ ದಾರಿ. ಎಡಕ್ಕೂ ಬಲಕ್ಕೂ ಕರಿಯ ಬಂಡೆಯ ಗೋಡೆಗಳು, ನಡುವೆ ಮರಗಳ ಮಬ್ಬು ನೆರಳು, ಮಾವಿನ ಮಿಡಿಯ ವಾಸನೆ, ನೇರಳೆಯ ಚಿಗುರು, ಕಾಜಾಣದ ಕೂಗು. ನೆಲ ಮಾತ್ರ ನಮ್ಮದಲ್ಲ. ನಮ್ಮಲ್ಲಿ ಅಂಗಾಲಿಗೆ ಕೆಂಪು ಹಚ್ಚುವ ಜಂಬಿಟ್ಟಿಗೆ, ಇಲ್ಲಿ ಕರಿಗಲ್ಲು. "ಕಣ್ಣು ಮುಚ್ಚಿ ನಡೆದರೆ ನಮ್ಮೂರಿನ ಬೆಟ್ಟದ ದಾರಿಯೇ ಅನ್ನಿಸುತ್ತದೆ, ಅಲ್ಲವಾ?" ಎಂದಳು ಹೆಂಡತಿ. ಹಾಗೆ ಕಣ್ಣು ಮುಚ್ಚಿಯೇ ನಾನು ಮೂರು ದಶಕ ಈ ನೆಲದಲ್ಲಿ ಬದುಕಿದ್ದೆನೆಂಬುದು ಅವಳ ಮಾತಿನಿಂದ ಮನಸ್ಸಿಗೆ ತಾಗಿತು. ಭಾಜೆಯ ಗುಹೆಗಳ ಮುಂದೆ ನಿಂತಾಗ ಅದಕ್ಕೆ ಪ್ರತ್ಯಕ್ಷ ಪ್ರಮಾಣವೂ ಸಿಕ್ಕಿತು. ಕೆಳಗೆ ಮಳವಳಿಯ ರೈಲುನಿಲ್ದಾಣ, ಅದರ ಆಚೀಚೆ ಹಳೆಯ ಹೆದ್ದಾರಿ ಮತ್ತು ಹೊಸ ದ್ರುತಗತಿ ಹೆದ್ದಾರಿ. ಸಹ್ಯಾದ್ರಿಯ ಬೋರಘಾಟನ್ನು ಏರಿ ಬರುವ ಈ ದಾರಿ ಹೊಸದಲ್ಲ. ಕಲ್ಯಾಣ, ಸೋಪಾರಗಳ ಬಂದರುಗಳಿಂದ ದಖ್ಖನಿನ ಪಟ್ಟಣಗಳಿಗೆ ವರ್ತಕರ ಸಾರ್ಥಗಳು ಏರುತ್ತಿದ್ದ ದಾರಿಯೇ ಇದು. ಗುಹೆಗಳು ಇಲ್ಲಿ ಹುಟ್ಟಿದ್ದೂ ಆ ಕಾರಣಕ್ಕೇ. ಊರಿಗೆ ಹೋಗುವ ನನ್ನ ರಾತ್ರಿಬಸ್ಸು ನೂರಾರು ಸಲ ಇದೇ ಕಣಿವೆಯನ್ನು ಸೀಳಿಕೊಂಡು ಹೋಗಿತ್ತು. ಆ ಹೊತ್ತಿನಲ್ಲಿ ನಾನು ಯಾವಾಗಲೂ ನಿದ್ದೆಯಲ್ಲಿರುತ್ತಿದ್ದೆ. ಕಣ್ಣು ಬಿಡುತ್ತಿದ್ದುದು ಬೆಳಗಾವಿಯ ಹತ್ತಿರ.

ಭಾಜೆಯಿಂದ ಹೆದ್ದಾರಿಗಳನ್ನು ದಾಟಿ ರಿಕ್ಷಾದಲ್ಲಿ ಕಾರ್ಲೆಯ ಬೆಟ್ಟದ ಬುಡಕ್ಕೆ ಬಂದೆವು. ಚೈತ್ರಮಾಸ, ಏಕವೀರಾ ದೇವಿಯ ದರ್ಶನಕ್ಕೆ ಬಂದ ಕೋಳಿ ಸಮಾಜದ ಭಕ್ತರಿಂದ ಮೆಟ್ಟಿಲುಗಳು ತುಂಬಿದ್ದವು. ಹೂವು, ಕಾಯಿ, ಭಂಡಾರ, ಡೋಲಿನ ಸದ್ದು. ದೇವಿಯ ಗುಡಿಯ ಪಕ್ಕದಲ್ಲಿಯೇ ಚೈತ್ಯದ ಬಾಗಿಲು. ಸುಮಾರು 124 ಅಡಿ ಉದ್ದ, 45 ಅಡಿ ಅಗಲದ ಆ ಶಿಲಾಗೃಹದ ಚಾವಣಿಯಲ್ಲಿ ಎರಡು ಸಾವಿರ ವರ್ಷಗಳ ಹಿಂದಿನ ಮರದ ಪಕ್ಕೆಗಳು ಇನ್ನೂ ಇವೆ. ಕಂಬಗಳ ಮೇಲೆ ದಾನಿಗಳ ಹೆಸರುಗಳು, ಅವರಲ್ಲಿ ಯವನರೂ ಇದ್ದಾರೆ. ನನ್ನ ಕಣ್ಣು ಮಾತ್ರ ಮೊಗಸಾಲೆಯ ಎಡತುದಿಯನ್ನು ಹುಡುಕುತ್ತಿತ್ತು. ವಿದ್ಯಾರ್ಥಿದೆಸೆಯಲ್ಲಿ 'ಎಪಿಗ್ರಾಫಿಯಾ ಇಂಡಿಕಾ'ದ ಪುಟದಲ್ಲಿ ಓದಿ, ಟಿಪ್ಪಣಿ ಮಾಡಿಕೊಂಡು, ಪರೀಕ್ಷೆ ಬರೆದು ಮರೆತಿದ್ದ ಶಾಸನ ಅಲ್ಲಿತ್ತು.

ವೈಜಯಂತಿಯಿಂದ ಬಂದ ಶ್ರೇಷ್ಠಿ ಭೂತಪಾಲನು ಈ ಶಿಲಾಗೃಹವನ್ನು ಪೂರ್ಣಗೊಳಿಸಿದನು, ಜಂಬೂದ್ವೀಪದಲ್ಲಿಯೇ ಇದು ಉತ್ತಮವಾದುದು ಎಂಬುದು ಅದರ ಅರ್ಥ. ವೈಜಯಂತಿ ಎಂದರೆ ನಮ್ಮ ಬನವಾಸಿ. ಚಿಕ್ಕಂದಿನಲ್ಲಿ ಅಪ್ಪನ ಕೈಹಿಡಿದು ತೇರಿಗೆ ಹೋಗುತ್ತಿದ್ದ ಊರು. ಮಧುಕೇಶ್ವರನ ಪ್ರಾಕಾರದಲ್ಲಿ ಪ್ರಾಕೃತ ಬರಹವಿರುವ ನಾಗಶಿಲೆಯನ್ನು ನೋಡಿ, ಇದನ್ನು ಓದಬಲ್ಲವನಾಗಬೇಕೆಂದು ನಾನು ಆಸೆಪಟ್ಟ ಊರು.

ಕಲ್ಲನ್ನು ಮುಟ್ಟದೆ, ಬೆರಳನ್ನು ಗಾಳಿಯಲ್ಲಿ ಚಲಿಸುತ್ತ ಒಂದೊಂದು ಅಕ್ಷರವನ್ನೂ ಮಗಳಿಗೆ ಓದಿ ಹೇಳಿದೆ. ಅವಳು ಕನ್ನಡವನ್ನು ಆಡಬಲ್ಲಳು, ಓದಲಾರಳು. ಇಂಗ್ಲಿಷ್ ಶಾಲೆಗೆ ಕಳುಹಿಸಿದವನು ನಾನೇ. ಓದಲು ಬಾರದೆಂದು ವರ್ಷಗಳಿಂದ ಮೂದಲಿಸುತ್ತ ಬಂದವನೂ ನಾನೇ.

"ಅಪ್ಪಾ, ಇದು ಕನ್ನಡವಾ?"

"ಅಲ್ಲ, ಪ್ರಾಕೃತ."

"ಬನವಾಸಿಯವನು ಕನ್ನಡದಲ್ಲಿ ಯಾಕೆ ಬರೆಸಲಿಲ್ಲ?"

"ಆಗ ಕನ್ನಡ ಇನ್ನೂ ಕಲ್ಲು ಹತ್ತಿರಲಿಲ್ಲ. ಹಲ್ಮಿಡಿಯ ಶಾಸನಕ್ಕೆ ಇನ್ನೂ ಕೆಲವು ಶತಮಾನ ಕಾಯಬೇಕು. ಎಲ್ಲರಿಗೂ ತಿಳಿಯುವ ಭಾಷೆ ಎಂದರೆ ಪ್ರಾಕೃತ."

ಅವಳು ಸ್ವಲ್ಪ ಹೊತ್ತು ಆ ಅಕ್ಷರಗಳನ್ನು ನೋಡಿ ಹೇಳಿದಳು: "ಹಾಗಾದರೆ ಅವನೂ ನನ್ನ ಹಾಗೇ. ಊರು ಅಲ್ಲಿಯದು, ಬರೆಯುವುದು ಇನ್ನೊಂದು ಭಾಷೆಯಲ್ಲಿ."

ನನ್ನಲ್ಲಿ ಉತ್ತರವಿರಲಿಲ್ಲ. ಮೂದಲಿಕೆಯ ಮಾತುಗಳೆಲ್ಲ ಆ ಮೊಗಸಾಲೆಯ ಕಲ್ಲಿಗೆ ಬಡಿದು ನನಗೇ ಹಿಂತಿರುಗಿದಂತಾಯಿತು. ಹೊರಗೆ ಬಂದು ಸಿಂಹಸ್ತಂಭದ ಬಳಿಯ ನೆರಳಿನಲ್ಲಿ ಕುಳಿತೆ.

ಹೊರನಾಡಿನಲ್ಲಿ ಕನ್ನಡ ಕಲಿಸುವ ನಮಗೆಲ್ಲ ಬನವಾಸಿ ಎಂದರೆ ಪಂಪನ ಬನವಾಸಿ. ಆ ಪದ್ಯಗಳಿಲ್ಲದೆ ನಮ್ಮ ಯಾವ ರಾಜ್ಯೋತ್ಸವವೂ ಮುಗಿಯುವುದಿಲ್ಲ. ನಾನೇ ಎಷ್ಟು ವೇದಿಕೆಗಳಲ್ಲಿ ಅವನ್ನು ಹೇಳಿ, ಎಷ್ಟು ಸಭಿಕರ ಕಣ್ಣುಗಳನ್ನು ತೇವಗೊಳಿಸಿದ್ದೇನೋ! ಆದರೆ ಪಂಪನ ಆ ಹಂಬಲದ ಇನ್ನೊಂದು ಮುಖವನ್ನು ನಾವು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಪಂಪ ಬನವಾಸಿಯನ್ನು ನೆನೆದದ್ದು ಇಂದಿನ ತೆಲಂಗಾಣದಲ್ಲಿರುವ ವೇಮುಲವಾಡದ ಅರಸ ಅರಿಕೇಸರಿಯ ಆಶ್ರಯದಲ್ಲಿದ್ದಾಗ. ನೆನೆದು ಅಳುತ್ತ ಕೂರಲಿಲ್ಲ. 941ರಲ್ಲಿ 'ವಿಕ್ರಮಾರ್ಜುನ ವಿಜಯ'ವನ್ನು ಮುಗಿಸಿ ಕೊಟ್ಟ. ಭೂತಪಾಲ ತನ್ನ ಊರಿನ ಬಗ್ಗೆ ಒಂದೇ ಒಂದು ಪದ ಕೆತ್ತಿಸಿದ, ಮಿಕ್ಕದ್ದನ್ನೆಲ್ಲ ಕೆಲಸಕ್ಕೆ ಬಿಟ್ಟ. ಇಬ್ಬರೂ ಬಂದ ನೆಲದಲ್ಲಿ ಏನನ್ನೋ ಪೂರ್ಣಗೊಳಿಸಿದವರು. ನಾವು ಅವರ ಹಂಬಲವನ್ನು ಕಂಠಪಾಠ ಮಾಡಿದೆವು, ಅವರ ಕೆಲಸವನ್ನು ಮರೆತೆವು.

ಆ ಒಂದು ಪದವನ್ನೇ ನಾನು ಮತ್ತೆ ಮತ್ತೆ ಮನಸ್ಸಿನಲ್ಲಿ ಹೊರಳಿಸಿದೆ: 'ವೇಜಯಂತಿತೋ'. ಪಂಚಮೀ ವಿಭಕ್ತಿ. ಬೇಡ್ಸೆಯ ಬಾಗಿಲ ಮೇಲಿನ ನಾಸಿಕದವನದೂ ಅದೇ ವಿಭಕ್ತಿ. ವೈಜಯಂತಿ ನನ್ನ ಊರು 'ಆಗಿದೆ' ಎಂದೂ ಇಲ್ಲ, 'ಆಗಿತ್ತು' ಎಂದೂ ಇಲ್ಲ, ವೈಜಯಂತಿಯಿಂದ, ಅಷ್ಟೇ. ನಾನು ಕ್ರಿಯಾಪದದಲ್ಲಿ ಹುಡುಕುತ್ತಿದ್ದ ಉತ್ತರವನ್ನು ಅವನು ವಿಭಕ್ತಿಪ್ರತ್ಯಯದಲ್ಲಿ ಇಟ್ಟಿದ್ದ. ಮನೆ ಮಾರಾಟವಾದರೆ ವರ್ತಮಾನಕಾಲ ಹೋಗಬಹುದು. ಪಂಚಮಿಯನ್ನು ಯಾರೂ ಬರೆಸಿಕೊಳ್ಳಲಾರರು, ಯಾವ ನೀರೂ ಮುಳುಗಿಸಲಾರದು. ಎಲ್ಲಿಂದ ಬಂದೆವೆಂಬುದು ಎಲ್ಲಿ ಇದ್ದೇವೆಂಬುದಕ್ಕೆ ಅಡ್ಡಬರಬೇಕಾಗಿಲ್ಲ. ಆದರೆ ಆ ವಿಭಕ್ತಿಗೆ ಅರ್ಥ ಬರಬೇಕಾದರೆ ವಾಕ್ಯ ಮುಂದುವರಿಯಬೇಕು. ಬನವಾಸಿಯಿಂದ ಬಂದವನು ಇಲ್ಲಿ ಏನು ಮಾಡಿದ ಎಂಬುದನ್ನು ವಾಕ್ಯದ ಉಳಿದ ಭಾಗ ಹೇಳಬೇಕು. ಭೂತಪಾಲನ ವಾಕ್ಯ ಪೂರ್ಣವಾಗಿದೆ. ನನ್ನದು ಇನ್ನೂ ಇಲ್ಲ.

ಸಂಜೆ ಬಿಡಾರಕ್ಕೆ ಮರಳಿ ಗಂಟುಮೂಟೆ ಕಟ್ಟುವಾಗ ಕಾಕಾ ಬಂದು, ಮಳೆಗಾಲದಲ್ಲಿ ಬನ್ನಿ, ಭಾಜೆಯ ಜಲಪಾತ ನೋಡಬೇಕಾದದ್ದು ಆಗಲೇ ಎಂದರು. ಬರುತ್ತೇವೆ ಎಂದೆ. ಮಾತು ಉಳಿಸಿಕೊಂಡೆ. ಆ ಶ್ರಾವಣದ ಒಂದು ಭಾನುವಾರ ವಿಭಾಗದ ಒಂಬತ್ತು ವಿದ್ಯಾರ್ಥಿಗಳನ್ನು ಕರೆದುಕೊಂಡು ಲೋಣಾವಳದವರೆಗೆ ಒಂದು ರೈಲು, ಅಲ್ಲಿಂದ ಮಳವಳಿಗೆ ಪುಣೆಯ ಲೋಕಲ್ ಹಿಡಿದು ಇಳಿದೆ. ಹೋಟೆಲಿನಲ್ಲಿ ದುಡಿಯುತ್ತ ಓದುವವರು, ಇಲ್ಲಿಯೇ ಹುಟ್ಟಿ ಬೆಳೆದವರು, ಮದುವೆಯಾಗಿ ಬಂದು ಬಿಟ್ಟ ಓದನ್ನು ಮತ್ತೆ ಹಿಡಿದವರು, ಎಲ್ಲರೂ ಇದ್ದರು. ಮಗಳೂ ಬಂದಿದ್ದಳು. ಭಾಜೆಯ ಮೇಲಿನಿಂದ ನೀರು ಧುಮ್ಮಿಕ್ಕುತ್ತಿತ್ತು. ಕಾರ್ಲೆಯ ಮೊಗಸಾಲೆಯಲ್ಲಿ ಈ ಸಲ ಶಾಸನವನ್ನು ನಾನು ಓದಲಿಲ್ಲ. ಅವರಿಂದಲೇ ಅಕ್ಷರ ಅಕ್ಷರವಾಗಿ ಓದಿಸಿದೆ. ಬಳಿಕ ತಮ್ಮ ತಮ್ಮ ಊರಿಗೆ ಪಂಚಮೀ ವಿಭಕ್ತಿ ಹಚ್ಚಿ ಒಂದು ವಾಕ್ಯ ಹೇಳಬೇಕೆಂದೆ. ಕಾರ್ಕಳದಿಂದ, ಜತ್ತದಿಂದ, ಇಂಡಿಯಿಂದ ಎಂದು ಒಬ್ಬೊಬ್ಬರೂ ಹೇಳುತ್ತ ಬಂದರು. ಕೊನೆಯ ಹುಡುಗ ತುಸು ಸಂಕೋಚದಿಂದ, "ಸರ್, ನಾನು ಠಾಣೆಯಿಂದ ಬಂದವನು" ಎಂದ. ಉಳಿದವರು ನಕ್ಕರು. ನಾನು ನಗಲಿಲ್ಲ. ಅವನ ವಿಭಕ್ತಿ ಸರಿಯಾಗಿಯೇ ಇತ್ತು. "ಮುಂದೆ ಹೇಳು" ಎಂದೆ.